ಹಲವು ಜಲಪದರ ಮುಟ್ಟುವ ಕೊಳವೆಬಾವಿ ಮಾದರಿಯಲ್ಲಿ ತಪ್ಪು ಲೆಕ್ಕ ಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಕೋಲಾರ, ಚಿಕ್ಕಬಳ್ಳಾಪುರದ ಗಟ್ಟಿಶಿಲೆಯಲ್ಲಿ ಕೊರೆದ ಕೊಳವೆಬಾವಿಗೆ ಒಂದೇ ಸೆಲೆಯಿಂದ ನೀರು ಬರುವುದು ಅಪರೂಪ. ಮೇಲೆ ಶಿಥಿಲಗೊಂಡ ಪದರ, ಅದರ ಕೆಳಗೆ ಬಿರುಕುಬಿಟ್ಟ ಗ್ರಾನೈಟ್ ಅಥವಾ ನೈಸ್ ಶಿಲೆ, ಇನ್ನೂ ಕೆಳಗೆ ಅಲ್ಲೊಂದು ಇಲ್ಲೊಂದು ಆಳದ ಸೆಲೆ. ಕೇಸಿಂಗ್ ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಇಳಿಯುತ್ತದೆ, ಉಳಿದದ್ದು ಬರಿ ತೂತು. ಕೇಸಿಂಗಿನ ಹೊರಸುತ್ತಿನ ಸಂದಿಗೆ ಸಿಮೆಂಟ್ ತುಂಬದೆ ಬಿಟ್ಟಿದ್ದರೆ ಶಿಥಿಲ ಪದರದ ನೀರೂ ಅದೇ ತೂತಿಗೆ ಇಳಿಯುತ್ತದೆ. ಇಂಥ ಬಾವಿಯನ್ನು ಅಂತರ್ಜಲ ಹರಿವಿನ ಮಾದರಿಗೆ ತಂದಾಗ ಏಳುವ ತೊಂದರೆಗಳಲ್ಲಿ ಹೆಚ್ಚಿನವು ಸಮೀಕರಣ ಬಿಡಿಸುವ ಗಣಿತದ ಸಾಲ್ವರ್‌ನಲ್ಲಿ ಇರುವುದಿಲ್ಲ. ಬಾವಿ ಯಾವ ಪದರಕ್ಕೆ, ಎಷ್ಟು ಬಿಗಿಯಾಗಿ ಜೋಡಣೆಯಾಗಿದೆ ಎಂಬುದರಲ್ಲಿ ಇರುತ್ತವೆ.

ಈ ಕೈಪಿಡಿ ಅಂತರ್ಜಲದ ಹರಿವನ್ನು ಲೆಕ್ಕಹಾಕುವ ಪ್ರೋಗ್ರಾಂ ಆದ ಮಾಡ್‌ಫ್ಲೋ 6 ಮತ್ತು ಅದರ ಬಹುಪದರ ಬಾವಿ ಪ್ಯಾಕೇಜ್ ಆದ ಎಂಎಡಬ್ಲ್ಯು ಬಳಸುವವರಿಗಾಗಿ. ಹಳೆಯ ಮಾಡ್‌ಫ್ಲೋ-2005ರ ಎಂಎನ್‌ಡಬ್ಲ್ಯು2 ಪ್ಯಾಕೇಜ್ ಬಳಸುವವರಿಗೂ ಬಹುಪಾಲು ಅನ್ವಯಿಸುತ್ತದೆ. ಬೇರೆಯಾಗುವ ಕಡೆ ಹೇಳಿದೆ.

ಏನನ್ನೂ ಬದಲಿಸುವ ಮುನ್ನ

ಮಾದರಿಯ ಫೋಲ್ಡರನ್ನು ಹಾಗೆಯೇ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಎಂಎಡಬ್ಲ್ಯು ಕಡತದ ಆಯ್ಕೆಗಳಲ್ಲಿ ಪ್ರಿಂಟ್ ಹೆಡ್, ಪ್ರಿಂಟ್ ಫ್ಲೋಸ್ ಎರಡನ್ನೂ ತೆರೆಯಿರಿ. ಅವಲೋಕನ ಕಡತದಲ್ಲಿ ಪ್ರತಿ ಬಾವಿಯ ನೀರಿನ ಮಟ್ಟ, ಪಂಪಿಂಗ್ ದರ, ಪ್ರತಿ ಜೋಡಣೆಯ ಹರಿವು, ಪ್ರತಿ ಜೋಡಣೆಯ ವಾಹಕತೆ (ಮಟ್ಟದ ಒಂದು ಮೀಟರ್ ವ್ಯತ್ಯಾಸಕ್ಕೆ ದಿನಕ್ಕೆ ಹರಿಯುವ ನೀರು) ಈ ನಾಲ್ಕನ್ನೂ ಬರೆಸಿ. ಇವಿಲ್ಲದೆ ಮುಂದಿನ ಯಾವ ಪರೀಕ್ಷೆಯೂ ಸಾಗದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ, ನೋಡಿ.

ಜೊತೆಗೆ ಕಾಗದದ ಮೇಲೆ ಒಂದು ಲೆಕ್ಕ ಇರಲಿ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟವು, ಕೈಪಿಡಿಯುದ್ದಕ್ಕೂ ಇವನ್ನೇ ಬಳಸುತ್ತೇವೆ.

ಮಾದರಿ ಪ್ರತಿ ಪದರವನ್ನೂ ಚೌಕ ಕೋಶಗಳಾಗಿ ಸೀಳಿ ಲೆಕ್ಕ ಹಾಕುತ್ತದೆ. ಕೋಶದ ಅಳತೆ 100 ಮೀಟರ್ × 100 ಮೀಟರ್. ಬಾವಿ ಆರೂವರೆ ಇಂಚಿನದು, ಅಂದರೆ ವ್ಯಾಸ 165 ಮಿ.ಮೀ., ತ್ರಿಜ್ಯ 0.0825 ಮೀಟರ್. ಬಾವಿಗೂ ಕೋಶಕ್ಕೂ ನಡುವಿನ ವಾಹಕತೆ ಕೊಡುವ ಥೀಮ್ ಸೂತ್ರದಲ್ಲಿ ಕೋಶದ ಪರಿಣಾಮಕಾರಿ ತ್ರಿಜ್ಯ (ಬಾವಿಯಿಂದ ಕೋಶದ ಸರಾಸರಿ ಮಟ್ಟ ಸಿಗುವ ದೂರ), ಚೌಕ ಕೋಶವಾಗಿದ್ದು ಎಲ್ಲ ದಿಕ್ಕಿಗೂ ಒಂದೇ ನೀರ್ಗುಣವಿದ್ದರೆ, ಬದಿಯ 0.198ರಷ್ಟು: 19.8 ಮೀಟರ್. 19.8ನ್ನು 0.0825ರಿಂದ ಭಾಗಿಸಿದರೆ 240, ಅದರ ನೈಸರ್ಗಿಕ ಲಾಗ್ 5.48. ಒಂದು ಪದರದ ಜೊತೆಗಿನ ವಾಹಕತೆ ಎಂದರೆ 2π × ಟ್ರಾನ್ಸ್‌ಮಿಸಿವಿಟಿ ÷ 5.48. ಟ್ರಾನ್ಸ್‌ಮಿಸಿವಿಟಿ ಎಂದರೆ ಪದರದ ನೀರ್ವಾಹಕತೆಯನ್ನು (ಅದು ನೀರು ಹರಿಯಬಿಡುವ ಗುಣವನ್ನು) ದಪ್ಪದಿಂದ ಗುಣಿಸಿದ್ದು.

ಶಿಥಿಲ ಪದರದ ಟ್ರಾನ್ಸ್‌ಮಿಸಿವಿಟಿ ದಿನಕ್ಕೆ 10 ಚದರ ಮೀಟರ್ ಇದ್ದರೆ ವಾಹಕತೆ 11.46. ಬಿರುಕು ಪದರದ್ದು 30 ಇದ್ದರೆ 34.39. ಮೇಲಿನ ಪದರದ ಜಲಮಟ್ಟ ಸಮುದ್ರಮಟ್ಟದಿಂದ 780 ಮೀಟರ್, ಕೆಳಗಿನದು 760 ಎಂದಿಟ್ಟುಕೊಳ್ಳಿ. ಮೋಟರ್ ನಿಂತಿದ್ದಾಗ ಬಾವಿಯ ಮಟ್ಟ ಎರಡರ ತೂಕದ ಸರಾಸರಿಗೆ, ಅಂದರೆ 765 ಮೀಟರಿಗೆ ನಿಲ್ಲುತ್ತದೆ. ಮೇಲಿನ ಪದರದಿಂದ ಬಾವಿಗೆ 11.46 × 15, ಸುಮಾರು 172 ಘನ ಮೀಟರ್ ನೀರು ದಿನವೊಂದಕ್ಕೆ ಇಳಿದು, ಅಷ್ಟೂ ಕೆಳಗಿನ ಪದರಕ್ಕೆ ಹೋಗುತ್ತದೆ. ಮಾದರಿ ಓಡಿದಂತೆ ಕೋಶಗಳ ಮಟ್ಟವೂ ಸರಿದು ಈ ಹರಿವು ತಗ್ಗುತ್ತದೆ. ಆದರೆ ಮೊದಲ ಹೆಜ್ಜೆಯ ಉತ್ತರ ಇದರ ಆಸುಪಾಸಿನಲ್ಲಿ ಇಲ್ಲದಿದ್ದರೆ ಜೋಡಣೆಯೇ ತಪ್ಪಿದೆ.

ಲಕ್ಷಣ: ಮಾದರಿ ಶುರುವಿನಲ್ಲೇ ನಿಲ್ಲುತ್ತದೆ, ವಾಹಕತೆ ಸೊನ್ನೆ ಅಥವಾ ಋಣ ಎಂಬ ದೂರು

ಮೊದಲು ತ್ರಿಜ್ಯದ ಏಕಮಾನ ನೋಡಿ. ಮಿಲಿಮೀಟರಿನಲ್ಲಿ 165 ಎಂದು ತುಂಬಿದ್ದರೆ ಬಾವಿ ಕೋಶದ ಪರಿಣಾಮಕಾರಿ ತ್ರಿಜ್ಯಕ್ಕಿಂತ ದೊಡ್ಡದಾಗುತ್ತದೆ, ಲಾಗ್ ಋಣವಾಗುತ್ತದೆ, ಪ್ರೋಗ್ರಾಂ ನಿಲ್ಲುತ್ತದೆ. ಇದು ಒಳ್ಳೆಯ ತಪ್ಪು, ಏಕೆಂದರೆ ತಾನೇ ಕೂಗಿ ಹೇಳುತ್ತದೆ. ಅಪಾಯ ಇರುವುದು ಮಾತಾಡದ ತಪ್ಪುಗಳಲ್ಲಿ. ಇಂಚಿನ ಲೆಕ್ಕದ 6.5ನ್ನು ಮೀಟರ್ ಎಂದು ತುಂಬಿದರೆ ಮಾದರಿ ತಕರಾರಿಲ್ಲದೆ ಓಡುತ್ತದೆ, ವಾಹಕತೆ ಮಾತ್ರ ಸುಮಾರು ಐದು ಪಟ್ಟು ಹೆಚ್ಚಾಗಿರುತ್ತದೆ. ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದರೆ ಶೇ. 15ರಷ್ಟು ಹೆಚ್ಚು, ಅಷ್ಟೇ. ಅದನ್ನು ಫಲಿತಾಂಶ ನೋಡಿ ಹಿಡಿಯುವುದು ಅಸಾಧ್ಯ, ಕಡತ ಓದಿಯೇ ಹಿಡಿಯಬೇಕು.

ತ್ರಿಜ್ಯ ಸರಿಯಿದ್ದೂ ನಿಂತರೆ ಕೋಶ ತೀರಾ ಚಿಕ್ಕದಾಗಿರಬಹುದು. 6 ಮೀಟರ್ ವ್ಯಾಸದ ತೆರೆದ ಬಾವಿಯನ್ನು 10 ಮೀಟರ್ ಕೋಶದಲ್ಲಿ ಕೂರಿಸಿದರೆ ಪರಿಣಾಮಕಾರಿ ತ್ರಿಜ್ಯ 1.98 ಮೀಟರ್, ಬಾವಿಯ ತ್ರಿಜ್ಯ 3 ಮೀಟರ್. ಥೀಮ್ ಸೂತ್ರ ಇಲ್ಲಿ ನಡೆಯದು. ಆ ಅಳತೆಯ ಬಾವಿಗೆ ಕೋಶದ ಬದಿ ಕನಿಷ್ಠ 15.2 ಮೀಟರಾದರೂ ದಾಟಬೇಕು. ದಾಟಿಸಲಾಗದಿದ್ದರೆ ವಾಹಕತೆಯನ್ನು ನೀವೇ ಲೆಕ್ಕಹಾಕಿ ಸ್ಪೆಸಿಫೈಡ್ ಆಯ್ಕೆಯಲ್ಲಿ ಕೊಡಿ.

ಮೂರನೆಯ ಕಾರಣ ಸ್ಕಿನ್. ಸ್ಕಿನ್ ಆಯ್ಕೆಯಲ್ಲಿ ಬಾವಿಯ ಸುತ್ತಿನ ಹೊದಿಕೆಯ ನೀರ್ವಾಹಕತೆ ಜಲಪದರಕ್ಕಿಂತ ಕಡಿಮೆಯಿರಲೇಬೇಕು. ಎರಡೂ ಸಮವಾದರೆ ಸೊನ್ನೆಯಿಂದ ಭಾಗಿಸಿದಂತೆ, ಹೊದಿಕೆಯದು ಹೆಚ್ಚಾದರೆ ಉತ್ತರ ಋಣ. ಬಾವಿಯ ಸುತ್ತ ಜಲ್ಲಿ ತುಂಬಿದ್ದಾರೆ, ಹಾಗಾಗಿ ಹೊದಿಕೆ ಹೆಚ್ಚು ನೀರು ಬಿಡುತ್ತದೆ ಎಂದು ದೊಡ್ಡ ಅಂಕಿ ಹಾಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅಂಥ ಬಾವಿಗೆ ಥೀಮ್ ಸಾಕು.

ಲಕ್ಷಣ: ಮೋಟರ್ ಸೊನ್ನೆ, ಆದರೂ ಬಾವಿಯಲ್ಲಿ ಹರಿವು ಕಾಣುತ್ತದೆ

ಇದು ದೋಷವಲ್ಲ. ಬಹುಪದರ ಬಾವಿ ಮಾಡಬೇಕಾದ ಕೆಲಸವೇ ಇದು. ಮಳೆಗಾಲ ಮುಗಿದ ಮೇಲೆ ನಿಂತ ಬೋರಿನ ಬಾಯಿಗೆ ಕಿವಿಗೊಟ್ಟರೆ ಒಳಗೆ ನೀರು ಬೀಳುವ ಸದ್ದು ಕೇಳಿಸುವುದುಂಟಲ್ಲ, ಮಾದರಿ ತೋರಿಸುತ್ತಿರುವುದು ಅದನ್ನೇ. ಬಾವಿಯ ಒಟ್ಟು ಲೆಕ್ಕದಲ್ಲಿ ಒಳಬಂದದ್ದು ಹೊರಹೋದದ್ದಕ್ಕೆ ಸಮವಿದ್ದರೆ ಮುಂದೆ ಸಾಗಿ.

ಚಿಂತಿಸಬೇಕಾದದ್ದು ಇದರ ತಿರುವುಮುರುವು: ಮೋಟರ್ ನಿಲ್ಲಿಸಿದ ಅವಧಿಯಲ್ಲಿ ಹರಿವು ಪೂರ್ತಿ ಸೊನ್ನೆಯಾಗುವುದು. ಪದರಗಳ ಮಟ್ಟದಲ್ಲಿ ವ್ಯತ್ಯಾಸವಿದ್ದೂ ಹೀಗಾದರೆ ಬಾವಿಯನ್ನು ಇನ್‌ಆಕ್ಟಿವ್ ಮಾಡಿ ನಿಲ್ಲಿಸಿದ್ದೀರಿ. ಹಾಗೆ ಮಾಡಿದರೆ ತೂತೇ ಮುಚ್ಚಿದಂತೆ. ಮೋಟರ್ ಮಾತ್ರ ನಿಲ್ಲಬೇಕಿದ್ದರೆ ಸ್ಥಿತಿ ಆಕ್ಟಿವ್ ಇಟ್ಟು ದರವನ್ನು ಸೊನ್ನೆ ಮಾಡಬೇಕು. ಎಂಎನ್‌ಡಬ್ಲ್ಯು2ರಲ್ಲಿ ಆ ಅವಧಿಯ ಪಟ್ಟಿಯಲ್ಲಿ ಬಾವಿಯನ್ನು ಉಳಿಸಿಕೊಂಡು ಬೇಡಿಕೆಯ ದರ ಸೊನ್ನೆ ಎಂದು ಬರೆಯಬೇಕು. ಪಟ್ಟಿಯಿಂದ ಬಿಟ್ಟರೆ ಬಾವಿ ಮಾಯ.

ಇನ್ನೊಂದು ಬಲೆ ಇದರ ಪಕ್ಕದಲ್ಲೇ ಇದೆ. ಬಾವಿಗೆ ನಿಗದಿತ ದರವನ್ನಷ್ಟೇ ಬರೆಯುವ ಸಾಮಾನ್ಯ ವೆಲ್ ಪ್ಯಾಕೇಜಿನಲ್ಲಿ ಹೊಸ ಅವಧಿಯ ಪಟ್ಟಿ ಬಂದರೆ ಹಳೆಯದು ಅಳಿಯುತ್ತದೆ. ಎಂಎಡಬ್ಲ್ಯುನಲ್ಲಿ ಅಳಿಯುವುದಿಲ್ಲ, ಬದಲಿಸುವವರೆಗೆ ಹಿಂದಿನ ದರವೇ ಮುಂದುವರಿಯುತ್ತದೆ. ಮಾರ್ಚ್‌ನ ಪಂಪಿಂಗ್ ಆಗಸ್ಟ್‌ನಲ್ಲೂ ಸದ್ದಿಲ್ಲದೆ ನಡೆಯುತ್ತಿದ್ದರೆ ಕಾರಣ ಇದು.

ಲಕ್ಷಣ: ಕೆಳಪದರ ಅಳತೆಗಿಂತ ಹೆಚ್ಚು ಕುಸಿಯುತ್ತದೆ, ಮೇಲ್ಪದರ ತುಂಬಿಯೇ ಇರುತ್ತದೆ

ಬಹುಪದರ ಬಾವಿಯನ್ನು ವೆಲ್ ಪ್ಯಾಕೇಜಿನಲ್ಲಿ ಪದರಕ್ಕೊಂದು ಪಾಲು ಹಂಚಿ ಬರೆದಿದ್ದರೆ ಈ ಲಕ್ಷಣ ಖಚಿತ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ 100 ಘನ ಮೀಟರ್ ಎತ್ತುತ್ತೇವೆ ಎನ್ನೋಣ. ಟ್ರಾನ್ಸ್‌ಮಿಸಿವಿಟಿಯ ಪ್ರಮಾಣದಲ್ಲಿ ಹಂಚಿದರೆ ಮೇಲಿಂದ 25, ಕೆಳಗಿಂದ 75. ನೋಡಲು ನ್ಯಾಯವಾಗಿದೆ.

ಈಗ ಬಾವಿಯ ಲೆಕ್ಕ ಬಿಡಿಸಿ. ಒಟ್ಟು ವಾಹಕತೆ 45.86. ಮೋಟರ್ ನಿಂತಾಗಿನ 765 ಮೀಟರಿನಿಂದ 100 ÷ 45.86, ಅಂದರೆ 2.18 ಮೀಟರ್ ಇಳಿದು ಬಾವಿಯ ಮಟ್ಟ 762.82. ಮೇಲ್ಪದರದಿಂದ ಬರುವುದು 11.46 × 17.18, ಅಂದರೆ 197 ಘನ ಮೀಟರ್. ಕೆಳಪದರದ ಮಟ್ಟ ಬಾವಿಗಿಂತ ಇನ್ನೂ 2.82 ಮೀಟರ್ ಕೆಳಗಿರುವುದರಿಂದ ಅದು ನೀರು ಕೊಡುವುದಿಲ್ಲ, ದಿನಕ್ಕೆ 97 ಘನ ಮೀಟರ್ ತಾನೇ ಪಡೆಯುತ್ತದೆ. ಹಂಚಿಕೆಯ ಪ್ರಮಾಣ ತಪ್ಪಿದ್ದಷ್ಟೇ ಅಲ್ಲ, ಕೆಳಪದರದ ಮಟ್ಟಿಗೆ ದಿಕ್ಕೇ ತಿರುಗಿದೆ. 75 ಕಳೆದುಕೊಳ್ಳುತ್ತದೆ ಎಂದು ಬರೆದ ಪದರ ವಾಸ್ತವದಲ್ಲಿ 97 ಗಳಿಸುತ್ತಿದೆ. ಮೋಟರ್ ಓಡುತ್ತಿರುವಾಗಲೂ ಕೆಳಪದರಕ್ಕೆ ನೀರು ಸೇರುತ್ತಿರಬಹುದು ಎಂಬುದನ್ನು ಒಪ್ಪಿಕೊಳ್ಳದೆ ಮಾಪನಾಂಕನಕ್ಕೆ (ಮಾದರಿಯನ್ನು ಅಳತೆಗೆ ಹೊಂದಿಸುವ ಕೆಲಸಕ್ಕೆ) ಕೂತರೆ, ಆ 172 ಘನ ಮೀಟರ್ ವ್ಯತ್ಯಾಸವನ್ನು ಸರಿತೂಗಿಸಲು ಮರುಪೂರಣದ ಅಂಕಿಯನ್ನೋ ಪದರಗಳ ನಡುವಿನ ಸೋರಿಕೆಯನ್ನೋ ಎಳೆದಾಡುತ್ತೀರಿ. ಮಾದರಿ ಅಳತೆಗೆ ಕೂಡುತ್ತದೆ, ಆದರೆ ತಪ್ಪು ಕಾರಣಕ್ಕೆ.

ಪರಿಹಾರ: ಆ ಬಾವಿಗಳನ್ನು ವೆಲ್‌ನಿಂದ ತೆಗೆದು ಎಂಎಡಬ್ಲ್ಯುಗೆ ಹಾಕಿ. ಎರಡೂ ಕಡೆ ಉಳಿದು ಒಂದೇ ಬಾವಿ ಎರಡು ಸಲ ಎಣಿಕೆಯಾಗದಂತೆ ಒಟ್ಟು ದರ ಕೂಡಿ ನೋಡಿ. ಸಾವಿರಾರು ಬಾವಿಗಳಿರುವ ತಾಲ್ಲೂಕಿನ ಮಾದರಿಯಲ್ಲಿ ಎಲ್ಲವನ್ನೂ ಹಾಕುವುದು ಕಷ್ಟವಾದರೆ, ಪದರಗಳ ಮಟ್ಟದ ವ್ಯತ್ಯಾಸ ದೊಡ್ಡದಿರುವ ಕಡೆಯಿಂದ ಶುರುಮಾಡಿ. ಅಲ್ಲಿನ ಬತ್ತಿದ, ಕೈಬಿಟ್ಟ ಬೋರುಗಳನ್ನೂ ದರ ಸೊನ್ನೆಯಿಟ್ಟು ಸೇರಿಸಿ. ಮೋಟರ್ ಕಿತ್ತ ಮಾತ್ರಕ್ಕೆ ತೂತು ಕೆಲಸ ನಿಲ್ಲಿಸುವುದಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ಪಕ್ಕದ ಮೇಲ್ಪದರದ ಮಟ್ಟ ಏರಿದಷ್ಟೂ ಈ ತೂತುಗಳ ಮೂಲಕ ಆಳಕ್ಕೆ ಇಳಿಯುವ ಪಾಲೂ ಏರುತ್ತದೆ. ನೀರಿನ ಗುಣಮಟ್ಟದ ಮಾದರಿ ಕಟ್ಟುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಎಂಎಡಬ್ಲ್ಯು ಬಳಸಿಯೂ ಲಕ್ಷಣ ಉಳಿದರೆ ಜೋಡಣೆಯ ಪದರ ಸಂಖ್ಯೆ ನೋಡಿ. ಮಾಡ್‌ಫ್ಲೋ ಕಡತ ಬರೆದುಕೊಡುವ ಪೈಥಾನ್ ಸಾಧನ ಫ್ಲೋಪೈನಲ್ಲಿ ಎಣಿಕೆ ಸೊನ್ನೆಯಿಂದ, ಮಾಡ್‌ಫ್ಲೋ ಕಡತದಲ್ಲಿ ಒಂದರಿಂದ. ಪೈಥಾನ್ ಸ್ಕ್ರಿಪ್ಟಿನಲ್ಲಿ 1 ಮತ್ತು 2 ಎಂದು ಬರೆದವರ ಬಾವಿ ಎರಡನೆಯ, ಮೂರನೆಯ ಪದರಕ್ಕೆ ಜೋಡಣೆಯಾಗಿರುತ್ತದೆ. ಸ್ಕ್ರಿಪ್ಟನ್ನಲ್ಲ, ಅದು ಬರೆದ ಕಡತವನ್ನು ತೆರೆದು ಓದಿ.

ಲಕ್ಷಣ: ಮಾದರಿಯ ಮಟ್ಟಕ್ಕೂ ಬೋರಿನಲ್ಲಿ ಅಳೆದ ಮಟ್ಟಕ್ಕೂ ಹೊಂದಿಕೆಯಿಲ್ಲ

ಯಾವ ಮಟ್ಟವನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ? ಕೋಶದ ಮಟ್ಟ ಎಂದರೆ ಒಂದು ಹೆಕ್ಟೇರಿನ ಸರಾಸರಿ. ಬೋರಿನಲ್ಲಿ ಅಳೆಯುವುದು ಬಾವಿಯ ಮಟ್ಟ. ಎರಡರ ನಡುವಿನ ಅಂತರ, ಒಂದೇ ಪದರದ ಬಾವಿಯಲ್ಲಿ, ದರವನ್ನು ವಾಹಕತೆಯಿಂದ ಭಾಗಿಸಿದಷ್ಟು. ಟ್ರಾನ್ಸ್‌ಮಿಸಿವಿಟಿ 30 ಇದ್ದಾಗ 100 ಘನ ಮೀಟರಿಗೆ 2.9 ಮೀಟರ್. ಟ್ರಾನ್ಸ್‌ಮಿಸಿವಿಟಿ 5 ಇದ್ದರೆ 17 ಮೀಟರ್ ದಾಟುತ್ತದೆ. ಬಡ ಪದರದಲ್ಲಿ ಕೋಶದ ಮಟ್ಟವನ್ನು ಬೋರಿನ ಅಳತೆಗೆ ಹೊಂದಿಸಹೊರಡುವುದು ವ್ಯರ್ಥ. ಎಂಎಡಬ್ಲ್ಯುನ ಬಾವಿ ಮಟ್ಟದ ಅವಲೋಕನವನ್ನೇ ಹೋಲಿಸಿ.

ವೀಕ್ಷಣಾ ಬಾವಿಗೂ ಇದೇ ಮಾತು. ಎರಡು ಪದರಕ್ಕೆ ತೆರೆದ ವೀಕ್ಷಣಾ ಬೋರಿನ ಮಟ್ಟ ಯಾವ ಪದರದ್ದೂ ಅಲ್ಲ. ನಮ್ಮ ಉದಾಹರಣೆಯ 765 ಮೀಟರ್ ಮೇಲ್ಪದರಕ್ಕೆ 15 ಮೀಟರ್ ಕಡಿಮೆ, ಕೆಳಪದರಕ್ಕೆ 5 ಮೀಟರ್ ಹೆಚ್ಚು. ಅದನ್ನು ಒಂದು ಪದರದ ಗುರಿಯಾಗಿ ಕೊಡಬೇಡಿ. ದರ ಸೊನ್ನೆಯ ಬಹುಪದರ ಬಾವಿಯಾಗಿ ಮಾದರಿಗೆ ಸೇರಿಸಿ.

ಅಳೆದ ಗಳಿಗೆಯನ್ನೂ ವಿಚಾರಿಸಿ. ಮೋಟರ್ ಓಡುವಾಗಲೋ, ನಿಂತು ಎಷ್ಟು ಹೊತ್ತಾದ ಮೇಲೋ ಎಂಬುದು ದಾಖಲೆಯಲ್ಲಿಲ್ಲದ ಅಳತೆಗೆ ತೂಕ ಕಡಿಮೆ ಕೊಡಿ.

ಇಷ್ಟಾದ ಮೇಲೂ, ಕಡಿಮೆ ದರದಲ್ಲಿ ಮಟ್ಟ ಹೊಂದಿ ಹೆಚ್ಚಿನ ದರದಲ್ಲಿ ಮಾತ್ರ ಅಳತೆಯ ಮಟ್ಟ ಮಾದರಿಗಿಂತ ಕೆಳಗೆ ಹೋಗುತ್ತಿದ್ದರೆ, ಅದು ಬಾವಿಯೊಳಗಿನ ಪ್ರಕ್ಷುಬ್ಧ ಹರಿವಿನ ನಷ್ಟ. ಅದು ದರದ ವರ್ಗದ ಆಸುಪಾಸಿನಲ್ಲಿ ಏರುತ್ತದೆ. ಎಂಎನ್‌ಡಬ್ಲ್ಯು2ರ ಜನರಲ್ ಆಯ್ಕೆಯಲ್ಲಿ ಇದಕ್ಕೆ ಪ್ರತ್ಯೇಕ ಗುಣಾಂಕ ಮತ್ತು ಘಾತ ಇವೆ, ಎಂಎಡಬ್ಲ್ಯುನಲ್ಲಿ ಇಲ್ಲ. ಆ ಗುಣಾಂಕವನ್ನು ಊಹಿಸಬೇಡಿ. ಹಂತ ಹಂತವಾಗಿ ದರ ಏರಿಸುವ ಪಂಪಿಂಗ್ ಪರೀಕ್ಷೆಯಿಂದ ಪಡೆಯಿರಿ.

ಲಕ್ಷಣ: ಫಿಲ್ಟರ್ ಪೈಪಿನ ಮೇಲು-ಕೆಳಗಿನ ಮಟ್ಟ ಬದಲಿಸಿದರೂ ಉತ್ತರ ಬದಲಾಗುವುದಿಲ್ಲ

ಥೀಮ್, ಸ್ಕಿನ್, ಕ್ಯುಮ್ಯುಲೇಟಿವ್, ಸ್ಪೆಸಿಫೈಡ್ ಈ ನಾಲ್ಕು ಆಯ್ಕೆಗಳಲ್ಲೂ ನೀವು ಕೊಟ್ಟ ಫಿಲ್ಟರ್ ಮಟ್ಟಗಳನ್ನು ಪ್ರೋಗ್ರಾಂ ಪಕ್ಕಕ್ಕಿಟ್ಟು ಕೋಶದ ಪೂರ್ತಿ ದಪ್ಪವನ್ನೇ ತೆಗೆದುಕೊಳ್ಳುತ್ತದೆ. ಮೀನ್ ಆಯ್ಕೆಯಲ್ಲಿ ಮಾತ್ರ ಆ ಮಟ್ಟಗಳಿಗೆ ಬೆಲೆ.

ಹಾಗೆಂದು ಮೀನ್‌ಗೆ ಜಿಗಿಯಬೇಡಿ. ಅದರಲ್ಲಿ ಕೋಶದ ಪರಿಣಾಮಕಾರಿ ತ್ರಿಜ್ಯದ ಪಾಲು ಇಲ್ಲ, ಹೊದಿಕೆಯ ಅಂಕಿಗಳಷ್ಟೇ ವಾಹಕತೆಯನ್ನು ತೀರ್ಮಾನಿಸುತ್ತವೆ. ನಮ್ಮ ಶಿಥಿಲ ಪದರಕ್ಕೆ, ದಪ್ಪ 10 ಮೀಟರ್, ಹೊದಿಕೆಯ ತ್ರಿಜ್ಯ 0.1 ಮೀಟರ್, ಹೊದಿಕೆಯ ನೀರ್ವಾಹಕತೆ ದಿನಕ್ಕೆ 1 ಮೀಟರ್ ಎಂದು ತುಂಬಿದರೆ ವಾಹಕತೆ 328 ಬರುತ್ತದೆ. ಥೀಮ್ ಕೊಟ್ಟದ್ದು 11.46. ಹೆಚ್ಚುಕಡಿಮೆ 29 ಪಟ್ಟು! ಪದರದ ಒಂದು ಭಾಗಕ್ಕೆ ಮಾತ್ರ ಬಾವಿ ತೆರೆದಿದ್ದರೆ ಪದರವನ್ನೇ ಆ ಮಟ್ಟದಲ್ಲಿ ಎರಡಾಗಿ ಸೀಳುವುದು ಉತ್ತಮ ದಾರಿ. ಅದು ಆಗದಿದ್ದರೆ ಕೈಲೆಕ್ಕದ ವಾಹಕತೆಯನ್ನು ತಗ್ಗಿಸಿ ಸ್ಪೆಸಿಫೈಡ್‌ನಲ್ಲಿ ಕೊಡಿ. ಅರ್ಧಂಬರ್ಧ ತೆರೆದ ಬಾವಿಯ ತಿದ್ದುಪಡಿ ಎಂಎನ್‌ಡಬ್ಲ್ಯು2ರಲ್ಲಿ ಆಯ್ಕೆ ಹಾಕಿದರೆ ಸಿಗುತ್ತದೆ, ಎಂಎಡಬ್ಲ್ಯುನಲ್ಲಿ ಸಿಗುವುದಿಲ್ಲ.

ಲಕ್ಷಣ: ಕೇಳಿದಷ್ಟು ನೀರು ಬಾವಿ ಕೊಡುತ್ತಿಲ್ಲ, ಅಥವಾ ಬಾವಿಯ ಮಟ್ಟ ತಳಕ್ಕಿಂತ ಕೆಳಗೆ ಹೋಗಿದೆ

ಮೊದಲು ಚಿಹ್ನೆ: ಎತ್ತುವ ದರ ಋಣವಾಗಿರಬೇಕು, ತುಂಬುವ ದರ ಧನ. ನಂತರ ಕಾಲದ ಏಕಮಾನ. ಕಡತದಲ್ಲಿ ದಿನ ಎಂದು ಬರೆದರೆ ಮಾಡ್‌ಫ್ಲೋ ಏನನ್ನೂ ಪರಿವರ್ತಿಸುವುದಿಲ್ಲ, ಅದು ಹೆಸರಿಗಷ್ಟೇ.

ದರ ಎಲ್ಲಿಂದ ಬಂತು ಎಂಬುದೂ ಮುಖ್ಯ. ನಮ್ಮಲ್ಲಿ ಬೋರಿನ ಇಳುವರಿ ಇಂಚಿನಲ್ಲಿ ಹೇಳುವುದು ರೂಢಿ. 90 ಡಿಗ್ರಿ ವಿ-ನಾಚ್ (ವಿ ಆಕಾರದ ಕಚ್ಚು ಇರುವ ಅಳತೆ ಹಲಗೆ) ಮೇಲೆ 2 ಇಂಚು ನೀರು ಎಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್, ಗಂಟೆಗೆ 2,900 ಲೀಟರ್. 4 ಇಂಚು ಅದರ ಎರಡು ಪಟ್ಟಲ್ಲ, 5.7 ಪಟ್ಟು. 2 ಇಂಚಿನ ಬೋರು ಇಡೀ ದಿನ ಓಡಿದರೆ 69 ಘನ ಮೀಟರ್. ಮೂರು ಫೇಸ್ ಕರೆಂಟು 7 ಗಂಟೆ ಇದ್ದರೆ 20 ಘನ ಮೀಟರ್ ಮಾತ್ರ. ದಿನದ ಸರಾಸರಿ ಕೊಡುವ ಮಾದರಿಗೆ ಬೇಕಾದದ್ದು ಈ 20. ಕೊರೆದ ದಿನ ಕಂಪ್ರೆಸರ್ ಗಾಳಿಯಲ್ಲಿ ಚಿಮ್ಮಿದ ನೀರಿನ ಅಳತೆ ವರ್ಷವಿಡೀ ಸಿಗುವ ಇಳುವರಿಯಲ್ಲ ಎಂಬುದನ್ನು ರೈತರು ಚೆನ್ನಾಗಿ ಬಲ್ಲರು, ಮಾದರಿ ಕಟ್ಟುವವರೂ ನೆನಪಿಡಬೇಕು.

ಅಂಕಿ ಸರಿಯಿದ್ದೂ ಕಡಿಮೆ ನೀರು ಬಂದರೆ ಯಾವುದೋ ಮಿತಿ ಕೆಲಸ ಮಾಡುತ್ತಿದೆ. ಹೆಡ್ ಲಿಮಿಟ್ ಹಾಕಿದ್ದರೆ ಬಾವಿಯ ಮಟ್ಟ ಅಲ್ಲಿಗೆ ಮುಟ್ಟಿದಾಗ ದರ ತಗ್ಗುತ್ತದೆ. ರೇಟ್ ಸ್ಕೇಲಿಂಗ್ ಹಾಕಿದ್ದರೆ ಪಂಪಿನ ಮಟ್ಟಕ್ಕೆ ನೀರು ಸಮೀಪಿಸುತ್ತಿದ್ದಂತೆ ನಯವಾಗಿ ತಗ್ಗುತ್ತದೆ. ಎರಡರಲ್ಲಿ ಒಂದನ್ನೇ ಬಳಸಿ. ಕೇಳಿದ ದರಕ್ಕೂ ಬಂದ ದರಕ್ಕೂ ಇರುವ ವ್ಯತ್ಯಾಸ ನಿಜವಾದ ನೀರಿನ ಕೊರತೆಯೇ ಆಗಿರಬಹುದು. ವರದಿಯಲ್ಲಿ ಕೇಳಿದ ದರವನ್ನು ಬರೆದು ಅದನ್ನು ಮುಚ್ಚಬೇಡಿ.

ಮಿತಿಯೇ ಇಲ್ಲದಿದ್ದರೆ ಉಲ್ಟಾ ತೊಂದರೆ. ಪದರ ಬತ್ತುತ್ತಿದ್ದಂತೆ ವಾಹಕತೆ ಕುಗ್ಗುತ್ತದೆ, ಅದೇ ದರ ಎಳೆಯಲು ಬಾವಿಯ ಮಟ್ಟ ಪಾತಾಳಕ್ಕೆ ಇಳಿಯುತ್ತದೆ. 200 ಮೀಟರ್ ಆಳದ ಬೋರಿನಲ್ಲಿ ನೀರಿನ ಮಟ್ಟ 900 ಮೀಟರ್ ಆಳ ಎಂದು ಬಂದರೆ ಇದೇ ಕಾರಣ. ಪಂಪ್ ಇಳಿಸಿದ ಮಟ್ಟಕ್ಕಿಂತ ತುಸು ಮೇಲೆ ಮಿತಿ ಹಾಕಿ.

ಮೇಲಿನ ಸೆಲೆ ಬಾವಿಯ ಮಟ್ಟಕ್ಕಿಂತ ಮೇಲಿದ್ದು ನೀರು ಗೋಡೆಗುಂಟ ಧುಮುಕುವ ಬೋರುಗಳಲ್ಲಿ ಇನ್ನೊಂದು ಎಡವಟ್ಟಿದೆ. ಬಾವಿಯ ಮಟ್ಟ ಎಷ್ಟೇ ಕೆಳಗೆ ಹೋದರೂ ಆ ಸೆಲೆಯ ಹರಿವು ಒಂದು ಹಂತದ ನಂತರ ಹೆಚ್ಚಬಾರದು. ಮಾದರಿಯಲ್ಲಿ ಹೆಚ್ಚುತ್ತಲೇ ಇದ್ದರೆ ಫ್ಲೋ ಕರೆಕ್ಷನ್ ಆಯ್ಕೆ ತೆರೆಯಿರಿ.

ಲಕ್ಷಣ: ಪಂಪ್ ಶುರುವಾದ ಮೇಲೆ ಪದರದ ಮಟ್ಟ ತಡವಾಗಿ ಇಳಿಯುತ್ತದೆ

ಬಾವಿಯೊಳಗಿನ ನೀರು ಮೊದಲು ಖಾಲಿಯಾಗುತ್ತಿದೆ. ಆರೂವರೆ ಇಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ 21 ಲೀಟರ್ ಅಷ್ಟೇ. 6 ಮೀಟರಿನ ತೆರೆದ ಬಾವಿಯಲ್ಲಿ 28,000 ಲೀಟರಿಗೂ ಹೆಚ್ಚು. ಈ ಸಂಗ್ರಹದ ಪ್ರಭಾವ ಮರೆಯಾಗಲು ಬೇಕಾದ ಅವಧಿಯ ಒರಟು ಅಂದಾಜು: ತ್ರಿಜ್ಯದ ವರ್ಗವನ್ನು ಟ್ರಾನ್ಸ್‌ಮಿಸಿವಿಟಿಯಿಂದ ಭಾಗಿಸಿ 250ರಿಂದ ಗುಣಿಸಿ. ಟ್ರಾನ್ಸ್‌ಮಿಸಿವಿಟಿ 10 ಇದ್ದರೆ ಬೋರಿಗೆ 4 ಗಂಟೆ, ತೆರೆದ ಬಾವಿಗೆ 225 ದಿನ. ತಿಂಗಳ ಹೆಜ್ಜೆಯ ಮಾದರಿಯಲ್ಲಿ ಬೋರಿನ ಸಂಗ್ರಹವನ್ನು ಆಯ್ಕೆ ಹಾಕಿ ಬಿಟ್ಟುಬಿಡಬಹುದು. ತೆರೆದ ಬಾವಿಯದ್ದನ್ನು ಬಿಡಲೇಬೇಡಿ.

ಲಕ್ಷಣ: ಮಾದರಿ ಒಮ್ಮುಖವಾಗದೆ (ಉತ್ತರ ಒಂದು ಕಡೆ ನಿಲ್ಲದೆ) ತೂಗಾಡುತ್ತದೆ

ಮೇಲಿನದೆಲ್ಲ ಮುಗಿಸಿಯೇ ಇಲ್ಲಿಗೆ ಬನ್ನಿ. ಮಾಡ್‌ಫ್ಲೋ 6ರ ಐಎಂಎಸ್ ಸಾಲ್ವರ್‌ನ ಹೊರ ಆವರ್ತನೆಗಳ ದಾಖಲೆಯಲ್ಲಿ ಅತಿ ದೊಡ್ಡ ಬದಲಾವಣೆ ಎಲ್ಲಿ ಆಗುತ್ತಿದೆ ನೋಡಿ. ಪ್ರತಿ ಸಲವೂ ಅದೇ ಬಾವಿ ಅಥವಾ ಅದೇ ಕೋಶ ಬರುತ್ತಿದ್ದರೆ ಆ ಒಂದು ಬಾವಿಯನ್ನು ಇನ್‌ಆಕ್ಟಿವ್ ಮಾಡಿ ಓಡಿಸಿ. ಮಾದರಿ ಓಡಿದರೆ ರೋಗಿ ಸಿಕ್ಕಿದ ಹಾಗೆ. ಪರೀಕ್ಷೆ ಮುಗಿದೊಡನೆ ಮತ್ತೆ ಆಕ್ಟಿವ್ ಮಾಡಲು ಮರೆಯಬೇಡಿ.

ಸಾಮಾನ್ಯ ಕಾರಣ ಮೂರು. ವಾಹಕತೆ ಅತಿ ದೊಡ್ಡದು, ಸಾವಿರ, ಲಕ್ಷಗಳಲ್ಲಿ. ಕೈಲೆಕ್ಕಕ್ಕೆ ಹೋಲಿಸಿ ತಿದ್ದಿ. ಹೆಡ್ ಲಿಮಿಟ್ ಹತ್ತಿರ ಬಾವಿ ಒಂದು ಆವರ್ತನೆಯಲ್ಲಿ ಓಡಿ ಇನ್ನೊಂದರಲ್ಲಿ ನಿಲ್ಲುತ್ತಿದೆ. ಅದರ ಬದಲು ರೇಟ್ ಸ್ಕೇಲಿಂಗ್ ಬಳಸಿ, ತಗ್ಗುವ ಉದ್ದವನ್ನು ಕೆಲವು ಮೀಟರಿನಷ್ಟಾದರೂ ಇಡಿ. ಮೇಲ್ಪದರದ ಕೋಶ ಬತ್ತಿ ಜೋಡಣೆ ಕಡಿಯುತ್ತಿದೆ. ಬತ್ತಿದ ಕೋಶವನ್ನೂ ಲೆಕ್ಕದಲ್ಲಿ ಉಳಿಸುವ ನ್ಯೂಟನ್ ವಿಧಾನಕ್ಕೆ ಬದಲಿಸಿ, ಆಗ ಒಳಗಿನ ಸಾಲ್ವರ್ ಬೈಸಿಜಿಸ್ಟ್ಯಾಬ್ ಆಗಿರಬೇಕು. ಒಮ್ಮುಖದ ಮಾನದಂಡವನ್ನೇ ಸಡಿಲಿಸಿ ಮಾದರಿ ದಾಟಿಸುವುದು ಪರಿಹಾರವಲ್ಲ. ಬಾವಿಯ ಲೆಕ್ಕದ ವ್ಯತ್ಯಾಸ ಶೇ. 1 ದಾಟಿದರೆ ಒಟ್ಟು ಮಾದರಿಯ ಲೆಕ್ಕ ಚೆನ್ನಾಗಿ ಕಂಡರೂ ನಂಬಬೇಡಿ. ಸಾವಿರ ಕೋಶಗಳ ನಡುವೆ ಒಂದು ಬಾವಿಯ ತಪ್ಪು ಒಟ್ಟು ಅಂಕಿಯಲ್ಲಿ ಕರಗಿಹೋಗುತ್ತದೆ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಅಳತೆಗೆ ಹೊಂದಿಸಲು ವಾಹಕತೆಯನ್ನು ಕೈಲೆಕ್ಕದ ಹತ್ತು ಪಟ್ಟಿಗೋ ಹತ್ತನೇ ಒಂದಕ್ಕೋ ಎಳೆಯಬೇಕಾಗಿ ಬಂದರೆ ಕಂಪ್ಯೂಟರಿನ ಮುಂದಿನ ಕೆಲಸ ನಿಲ್ಲಿಸಿ. ಯಾವ ಆಳದಲ್ಲಿ ಎಷ್ಟು ನೀರು ಬರುತ್ತಿದೆ ಎಂಬುದು ಇನ್ನು ಬೋರಿನಿಂದಲೇ ತಿಳಿಯಬೇಕು. ಅಗ್ಗದ ದಾರಿ ಕೊರೆದವರ ದಾಖಲೆ: ಕೇಸಿಂಗಿನ ಉದ್ದ, ಸೆಲೆ ಸಿಕ್ಕ ಆಳ. ಆಮೇಲೆ ಕ್ಯಾಮೆರಾ, ಅದರಾಚೆ ಹರಿವಿನ ಮೀಟರಿನ ಲಾಗಿಂಗ್, ಕೊನೆಗೆ ಪ್ಯಾಕರ್ (ತೂತನ್ನು ಬೇಕಾದ ಆಳದಲ್ಲಿ ಮುಚ್ಚುವ ಬಿರಡೆ) ಇಳಿಸಿ ಪದರ ಪದರವಾಗಿ ಪರೀಕ್ಷೆ. ಕೊನೆಯ ಎರಡಕ್ಕೆ ಭೂಜಲ ಲಾಗಿಂಗ್ ಅನುಭವವಿರುವ ತಂಡವೇ ಬೇಕು. ಒಂದೇ ಬಿರುಕು ಇಡೀ ಬೋರನ್ನು ಪೋಷಿಸುತ್ತಿದೆ ಎಂದು ಲಾಗ್ ತೋರಿಸಿದರೆ, ಪದರವನ್ನು ಸಮರೂಪಿ ಎಂದು ಭಾವಿಸುವ ಥೀಮ್ ಸೂತ್ರಕ್ಕೆ ಆ ಬೋರಿನ ಮಟ್ಟಿಗೆ ಆಧಾರವಿಲ್ಲ. ಅಳೆದ ವಾಹಕತೆಯನ್ನೇ ಸ್ಪೆಸಿಫೈಡ್‌ನಲ್ಲಿ ಕೊಡಿ.

ಬಾವಿಗಳ ಲೆಕ್ಕ ಕೂಡದ ಮಾದರಿಯಿಂದ ಹೊಸ ಬೋರಿನ ಜಾಗವನ್ನಾಗಲಿ, ಎತ್ತಬಹುದಾದ ನೀರಿನ ಪ್ರಮಾಣವನ್ನಾಗಲಿ ಯಾರಿಗೂ ಹೇಳಬೇಡಿ. ಆ ಮಾತು ನಂಬಿ ಸಾಲ ಮಾಡಿ ಕೊರೆಸುವವರು ಇದ್ದಾರೆ.

ಸ್ಥಳಕ್ಕೆ ಹೋಗುವವರಿಗೆ ಎಚ್ಚರಿಕೆ. ಸಬ್‌ಮರ್ಸಿಬಲ್ ಮೋಟರಿನ ಪ್ಯಾನಲ್‌ನಲ್ಲಿ 415 ವೋಲ್ಟ್ ಇರುತ್ತದೆ. ಒದ್ದೆ ನೆಲದಲ್ಲಿ ನಿಂತು ಅದನ್ನು ಮುಟ್ಟಬೇಡಿ, ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮಟ್ಟ ಅಳೆಯುವ ಟೇಪ್ ಪಂಪಿನ ಕೇಬಲ್‌ಗೆ ಸುತ್ತಿಕೊಂಡರೆ ಜೋರಾಗಿ ಎಳೆಯಬೇಡಿ. ಮತ್ತೆ ಮತ್ತೆ ಅಳೆಯುವ ಬೋರಿನಲ್ಲಿ ಪಂಪ್ ಇಳಿಸುವಾಗಲೇ ಪಕ್ಕದಲ್ಲೊಂದು ಸಣ್ಣ ಪೈಪ್ ಇಳಿಸಿಕೊಂಡರೆ ಟೇಪಿಗೆ ಬೇರೆ ದಾರಿಯಾಗುತ್ತದೆ. ತೆರೆದ ಬಾವಿಗೆ ಅಳತೆಗಾಗಿ ಇಳಿಯಲೇಬೇಡಿ. ಕೆಳಗೆ ಆಮ್ಲಜನಕ ಇಲ್ಲದಿರಬಹುದು, ಪ್ರಜ್ಞೆ ತಪ್ಪಿದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಅಳತೆ ಮುಗಿದ ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿಯಿರಿ. ಕಲ್ಲು ಇಡುವುದು, ಗೋಣಿಚೀಲ ತುರುಕುವುದು ಮುಚ್ಚಿದಂತಲ್ಲ. ಮುಚ್ಚದ ಬೋರುಗಳಲ್ಲಿ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಜಲ್ಲಿಯಂಥವುಗಳಿಂದ ತುಂಬಬೇಕು. ಪದರಗಳ ನಡುವಿನ ಹರಿವು ನಿಲ್ಲಬೇಕಾದರೆ ಆ ತುಂಬಿಕೆಯಲ್ಲಿ ಪದರಗಳ ಗಡಿಯ ಆಳಕ್ಕೆ ಜೇಡಿ ಅಥವಾ ಸಿಮೆಂಟಿನ ಬಿರಡೆ ಬೀಳಬೇಕು. ಆ ಆಳ ಎಷ್ಟೆಂದು ಬೋರು ತುಂಬುವವರಿಗೆ ಬರೆದು ಕೊಡಿ. ಮಾದರಿಯಲ್ಲಿ ಆ ಬಾವಿಯನ್ನು ಇನ್‌ಆಕ್ಟಿವ್ ಮಾಡುವುದು ತುಂಬುವ ಕೆಲಸ ಮುಗಿದ ತಾರೀಖಿನಿಂದ ಮಾತ್ರ.